ಬೀಟೆ ಪೆನ್ನಿನ ಮುಚ್ಚಳ

ಹನೂರಿನ ಬಸ್ ನಿಲ್ದಾಣದಲ್ಲಿ ಹೊನ್ನಯ್ಯ ಯಾರದೋ ಅಂಗಿಯ ಜೇಬಿಗೆ ಕೈ ಹಾಕಿಯೇಬಿಟ್ಟ.

"ಸಿಕ್ದಾ ಕಳ್ಳ! ಮುಚ್ಚಳ ಎಲ್ಲಲಾ? ಯೋಳು!"

ಜೇಬಿನಿಂದ ಹೊರಬಂದದ್ದು ಥರ್ಮಾಮೀಟರು. ಜೇಬಿನ ಯಜಮಾನ ದನದ ಆಸ್ಪತ್ರೆಯ ಕಾಂಪೌಂಡರು. ಅವನು ಅದನ್ನು ಕಿತ್ತುಕೊಂಡು, ಎತ್ತಿಗೆ ಜ್ವರ ಬಂದರೆ ಅದನ್ನು ಎಲ್ಲಿ ಇಡುತ್ತಾರೆಂದು ನಾಲ್ಕು ಜನರ ಮುಂದೆ ಬಿಡಿಸಿ ಹೇಳಿದ. ಹೊನ್ನಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡ. ಜೊತೆಗೆ ಬಂದಿದ್ದ ಚೌಡೇಶ ನಗು ತಡೆಯಲಾರದೆ ಆ ಕಡೆ ತಿರುಗಿ ನಿಂತ.

ಆದದ್ದಿಷ್ಟು. ಹೊನ್ನಯ್ಯ ಕೊಳ್ಳೇಗಾಲದ ಮಗ್ಗಗಳಿಗೆ ನೂಲು ಸುತ್ತುವ ಮರದ ಕಂಡಿಕೆಗಳನ್ನು ಲೇತಿನಲ್ಲಿ ಕಡೆದುಕೊಡುವವನು. ಬಿಡುವಾದಾಗ ಅದೇ ಲೇತಿನಲ್ಲಿ ಮರದ ಪೆನ್ನು ಕಡೆಯುವ ಹುಚ್ಚು. ಮಗಳು ಭಾಗ್ಯಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿ ನೇಕಾರರ ಸೊಸೈಟಿಯಲ್ಲಿ ಗುಮಾಸ್ತೆಯಾದ ದಿನ, ತೀರಿಕೊಂಡ ತನ್ನ ಅವ್ವ ನೇಯುತ್ತಿದ್ದ ಮಗ್ಗದ ಮುರಿದ ಕಾಲೊಂದನ್ನು ಅಟ್ಟದಿಂದ ಇಳಿಸಿದ. ಕಪ್ಪು ಬೀಟೆ, ಉದ್ದಕ್ಕೂ ಬೆಣ್ಣೆ ಬಣ್ಣದ ಒಂದೇ ಒಂದು ಗೆರೆ. ಮಗಳಿಗೆಂದು ಪೆನ್ನಿನ ಒಡಲು, ಮುಚ್ಚಳ ಎರಡನ್ನೂ ಒಂದೇ ತುಂಡಿನಲ್ಲಿ ಕಡೆದ. ಶಾಯಿ ಹೀರದಂತೆ ಒಳಗೆ ಅರಗು ಬಳಿದ. ತಿರುಪನ್ನು ಕೈಯಲ್ಲೇ ಕೊರೆದ. ಮುಚ್ಚಳ ಬಿಗಿದರೆ ಗೆರೆಗೆ ಗೆರೆ ಕೂಡಬೇಕು. ಬೇರೆ ಮುಚ್ಚಳ ಹಾಕಿದರೆ ಕೂರಲೇಬಾರದು. ಹಾಗಿತ್ತು ಕೆಲಸ. ಉಳಿದ ಮರವನ್ನೆಲ್ಲ ಗೆದ್ದಲು ತಿಂದಿತ್ತು, ಇನ್ನೊಂದು ಮಾಡುವ ಮಾತೇ ಇರಲಿಲ್ಲ.

ಅಂಥ ಪೆನ್ನು ಹೋಯಿತು.

"ಸಹಿ ಆಕಕ್ಕೆ ಇಸ್ಕಂಡೋರು ವಾಪಸ್ ಕೊಡ್ನಿಲ್ಲ ಕಣಪ್ಪಾ," ಎಂದಳು ಭಾಗ್ಯಮ್ಮ, ನೆಲ ನೋಡುತ್ತ.

"ಮುಚ್ಚಳ?"

"ಯಾರ್ಗೇ ಕೊಟ್ರೂ ಮುಚ್ಚಳ ಇಟ್ಕಂಡೇ ಅಲ್ವಾ ಕೊಡೋದು? ಭದ್ರವಾಗದೆ."

ಅದು ಲೋಕರೂಢಿ. ಎರವಲು ಕೊಟ್ಟ ಪೆನ್ನು ಕುಂಟಿಕೊಂಡಾದರೂ ತಿರುಗಿ ಬರಲಿ ಎಂದು ಮುಚ್ಚಳವನ್ನು ಒತ್ತೆ ಇಟ್ಟುಕೊಳ್ಳುವುದು. ಹೊನ್ನಯ್ಯನ ತಲೆ ಅಲ್ಲಿಂದಲೇ ಓಡಿತು. ಬೋಳು ಪೆನ್ನು ಯಾರ ಜೇಬಿನಲ್ಲಿದೆಯೋ ಅವನೇ ಕಳ್ಳ!

"ಆ ಕೈ ಒಂದ್ಸಲ ಸಿಕ್ಲಿ, ಲೇತ್ಗೆ ಕೊಟ್ಟು ಕಂಡಿಕೆ ಮಾಡ್ಬುಡ್ತೀನಿ," ಎಂದು ಬೀದಿಗೆಲ್ಲ ಕೇಳುವಂತೆ ಗುಡುಗಿದ. ಕಳ್ಳ ಸಿಗುವವರೆಗೆ ಇನ್ನೊಂದು ಪೆನ್ನು ಕಡೆಯುವುದಿಲ್ಲ, ಪೆನ್ನು ಮುಟ್ಟುವುದೂ ಇಲ್ಲ ಎಂದು ಶಪಥ ಮಾಡಿ, ಮನೆಯಲ್ಲಿದ್ದವನ್ನೆಲ್ಲ ಕಂಡವರಿಗೆ ಕೊಟ್ಟುಬಿಟ್ಟ. ಗುಡುಗು ಹೊರಗಿನವರಿಗೆ. ಒಳಗೆ ಅವನಿಗೆ ಅವ್ವನನ್ನು ಎರಡನೇ ಸಲ ಕಳೆದುಕೊಂಡ ಸಂಕಟ.

"ಒಬ್ರೇ ಓಗಿ ಎಲ್ಲಾದ್ರೂ ಒದೆ ತಿಂದ್ಗಿಂದೀರಿ," ಎಂದಳು ಹೆಂಡತಿ ಚಿಕ್ಕತಾಯಮ್ಮ. "ಆ ಬಣ್ಣದ ಮನೆ ಚೌಡೇಶನ್ನ ಜೊತೆಗ್ ಕರ್ಕಳಿ."

ಚೌಡೇಶ ರೇಷ್ಮೆ ನೂಲಿಗೆ ಬಣ್ಣ ಹಾಕುವ ಹುಡುಗ, ಅವರ ಜನವೇ. ಬೀದಿಯ ಹಿರಿಯರೆಲ್ಲ ಅವನಿಗೆ ಮಾವಂದಿರು. ಅಂಗಿಯ ತುಂಬ ಬಣ್ಣದ ಕಲೆ ಎಂದು ನಾಚಿಕೊಂಡು, ಅರವತ್ತೆಂಟರ ಆ ಸುಡುಬೇಸಿಗೆಯಲ್ಲೂ ಎದೆಯ ಮೇಲೆ ಟವೆಲು ಹೊದ್ದೇ ತಿರುಗುತ್ತಿದ್ದ. ಹುಡುಕುವುದರಲ್ಲಿ ಅವನದು ಹೊನ್ನಯ್ಯನಿಗಿಂತ ಹೆಚ್ಚಿನ ಉತ್ಸಾಹ. ಯಳಂದೂರಿನ ಮೇಷ್ಟರುಗಳ ಮೇಲೆ ಮೊದಲು ಅನುಮಾನ ಪಟ್ಟವನೂ ಅವನೇ, ಹನೂರಿಗೆ ಹೋಗೋಣ ಎಂದವನೂ ಅವನೇ. ಕೊಳ್ಳೇಗಾಲವೂ ಸೇರಿ ಮೂರೂ ಊರುಗಳಲ್ಲಿ ಹೊನ್ನಯ್ಯ ಇಣುಕಿ ನೋಡದ ಜೇಬು ಉಳಿಯಲಿಲ್ಲ.

ಥರ್ಮಾಮೀಟರಿನ ಅವಮಾನ ನುಂಗಿಕೊಂಡು ಬಸ್ಸಿನಲ್ಲಿ ಕೂತಿದ್ದವನಿಗೆ ಚೌಡೇಶ ಸಮಾಧಾನ ಹೇಳಿದ. "ಬೇಜಾರ್ ಮಾಡ್ಕಬೇಡಿ ಮಾವ. ಅದು ಎಲ್ಲೂ ಓಗಕಿಲ್ಲ. ಒಂದಿನ ನಿಮ್ಮನೆಗೇ ಬತ್ತದೆ, ನೋಡ್ತಾ ಇರಿ."

ಹೊನ್ನಯ್ಯನ ಕಣ್ಣು ತುಂಬಿತು. ಯಾರದೋ ಪೆನ್ನಿಗಾಗಿ ಕೆಲಸ ಬಿಟ್ಟು ಅಲೆಯುವ ಹುಡುಗ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ? ಬಸ್ಸು ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಅವನು ನಿಶ್ಚಯ ಮಾಡಿಯಾಗಿತ್ತು. ಭಾಗ್ಯಮ್ಮನನ್ನು ಇವನಿಗೇ ಕೊಡುವುದು.

ಕಷ್ಟವಿದ್ದದ್ದು ಭಾಗ್ಯಮ್ಮನಲ್ಲಿ. ಬಂದ ಗಂಡುಗಳನ್ನೆಲ್ಲ ಒಬ್ಬನ ಮೂಗು ದಪ್ಪ, ಒಬ್ಬನ ದನಿ ಕೀರಲು ಎಂದು ಓಡಿಸಿದ್ದವಳು. ಹೊನ್ನಯ್ಯ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ವಿಷಯ ಎತ್ತಿದ.

"ನೀವು ಎಂಗ್ ಯೋಳಿದ್ರೆ ಅಂಗೇ ಅಪ್ಪಾ," ಎಂದಳು ಮಗಳು. ತನ್ನ ಮಾತಿಗೆ ಇಷ್ಟು ತೂಕವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಒಳಗೆ ಚಿಕ್ಕತಾಯಮ್ಮ ಆಗಲೇ ಸಜ್ಜಿಗೆಗೆ ರವೆ ಹುರಿಯುತ್ತಿದ್ದಳು.

ನಿಶ್ಚಿತಾರ್ಥದಲ್ಲಿ ವೀಳ್ಯ ಬದಲಾಯಿತು. ಲಗ್ನಪತ್ರಿಕೆ ಬರೆಯಲು ಕೂತ ಪುರೋಹಿತರ ಪೆನ್ನಿನಲ್ಲಿ ಶಾಯಿ ಮುಗಿದಿತ್ತು. "ಯಾರಾದರೂ ಒಂದು ಪೆನ್ನು ಕೊಡ್ರಪ್ಪಾ," ಎಂದರು. ಎಲ್ಲರೂ ಹೊನ್ನಯ್ಯನ ಕಡೆ ನೋಡಿದರು. ಶಪಥ ತೊಟ್ಟವನು ಸೂರು ನೋಡಿದ.

ಮದುಮಗನ ಗಾಬರಿಯಲ್ಲಿದ್ದ ಚೌಡೇಶನ ಕೈ ತಾನಾಗಿಯೇ ಟವೆಲಿನ ಒಳಗೆ ಹೋಯಿತು. ಬಾಗಿಲ ಮರೆಯಲ್ಲಿ ಭಾಗ್ಯಮ್ಮ ಜೋರಾಗಿ ಕೆಮ್ಮಿದಳು. ಅಷ್ಟರಲ್ಲಿ ಪೆನ್ನು ಪುರೋಹಿತರ ಕೈ ಸೇರಿಯಾಗಿತ್ತು.

ಕಪ್ಪು ಬೀಟೆ. ಬೆಣ್ಣೆ ಬಣ್ಣದ ಗೆರೆ. ಬೋಳು ಪೆನ್ನು.

ಹೊನ್ನಯ್ಯ ದಡಕ್ಕನೆ ಎದ್ದು ನಿಂತ. ಕಳ್ಳ! ವೀಳ್ಯ ಬದಲಾದ ಮೇಲೆ ಸಿಕ್ಕ ಕಳ್ಳ! ಇಂಥವನಿಗೆ ಮಗಳನ್ನು ಕೊಡುವುದಕ್ಕಿಂತ ವೀಳ್ಯದ ತಟ್ಟೆ ಎತ್ತಿ ಬೀದಿಗೆ ಎಸೆಯುವುದು ಮೇಲು. ಕೂಗಲು ಬಾಯಿ ತೆರೆದ. ಚಿಕ್ಕತಾಯಮ್ಮ ಹಿಂದಿನಿಂದ ಅವನ ಪಂಚೆ ಹಿಡಿದು ಜಗ್ಗಿದಳು.

"ಕೂತ್ಕಳಿ. ಮೊದ್ಲು ಬರೀಲಿ."

ಪುರೋಹಿತರು ಬರೆದು ಮುಗಿಸಿ ಪೆನ್ನು ಹಿಂದಕ್ಕೆ ಕೊಟ್ಟರು. ಲೋಕರೂಢಿಯಂತೆ ಎಡಗೈಯಲ್ಲಿ ಒತ್ತೆ ಇಟ್ಟುಕೊಂಡಿದ್ದ ಮುಚ್ಚಳವನ್ನು ಚೌಡೇಶ ಮೆಲ್ಲಗೆ ತೆಗೆದು ತಿರುಗಿಸಿದ. ಸಲೀಸಾಗಿ ಕೂತಿತು. ಗೆರೆಗೆ ಗೆರೆ ಕೂಡಿತು.

ಹೊನ್ನಯ್ಯ ಮೆಲ್ಲಗೆ ಕೆಳಗೆ ಕೂತ. ಬಾಗಿಲ ಕಡೆ ತಿರುಗಿದ.

"ಭಾಗ್ಯಾ, ಆ ಮುಚ್ಚಳ ಎಲ್ಲವ್ವಾ?"

"ಭದ್ರವಾಗದೆ ಅಪ್ಪಾ."