ಹಸಿರು ಎಳೆಯ ಪದ್ಯ

ಓದಿದ ಕೂಡಲೇ ಅಕ್ಷರ ಅಳಿಸಿಹೋಗುವುದರಿಂದ, ಗುಳೇದಗುಡ್ಡದಲ್ಲಿ ಪುಸ್ತಕ ಓದಿದವರು ಅದನ್ನು ನೆನಪಿನಿಂದ ಮತ್ತೆ ಬರೆದು, ಉಟ್ಟ ಬಟ್ಟೆಯ ಒಂದು ಎಳೆಯಿಂದ ಪುಸ್ತಕದ ಬೆನ್ನಿಗೆ ಹೊಲಿಗೆ ಹಾಕಿಯೇ ಮುಂದಿನವರಿಗೆ ಕೊಡುತ್ತಾರೆ. ಬೆನ್ನು ಸಡಿಲಾದರೆ ದಾನಮ್ಮನ ಹತ್ತಿರ ತರುತ್ತಾರೆ. ಪುಸ್ತಕ ಹೊಲಿಯುವುದೇ ಅವಳ ಕೆಲಸ.

ಶಾಲೆಯ ಟೀಚರ್ ಮೆಹರುನ್ನಿಸಾ ತಂದ ಪುಸ್ತಕವನ್ನು ಬಿಚ್ಚಿದಾಗ, ಎಲ್ಲ ಹೊಲಿಗೆಗಳ ಅಡಿಯಲ್ಲಿ ಒಂದು ಹಸಿರು ಎಳೆ ಸಿಕ್ಕಿತು. ಅದು ದಾನಮ್ಮನ ಹಳೆಯ ಖಣದ ಕುಬಸದ್ದು, ಆಗ ತೊಡುತ್ತಿದ್ದ ರವಿಕೆಯದು. ಅಪ್ಪ ತೀರಿಕೊಂಡ ವರ್ಷ ಅವನ ಮಗ್ಗದ ಕುರಿತು ಒಂದು ಪದ್ಯ ಕಟ್ಟಿ, ಪುಸ್ತಕವಾಗಿ ಹೊಲಿದು, ಬಸ್ಸಿನಲ್ಲಿ ಯಾರ ಕೈಗೋ ಕೊಟ್ಟಿದ್ದಳು.

ತಡೆಯಲಾರದೆ ಓದಿದಳು. ಕಣ್ಣು ಹಾಯ್ದಲ್ಲೆಲ್ಲ ಅಕ್ಷರಗಳು ಕರಗುತ್ತ ಹೋದವು. ಕೊನೆಯ ಸಾಲಾಗಿ ಅವಳು ಅಂದು ಬರೆದದ್ದು ‘ಅಪ್ಪನಿಲ್ಲ, ಮಗ್ಗ ನಿಂತುಹೋಗಿದೆ’ ಎಂದು. ಇಲ್ಲಿದ್ದದ್ದು ‘ಅಪ್ಪನಿಲ್ಲ, ಮಗ್ಗ ಉಸಿರು ಬಿಗಿಹಿಡಿದು ಕೂತಿದೆ.’

“ಯಾರೋ ತಪ್ಪು ಬರದಾರ,” ಎಂದು ಸಿಡುಕಿದಳು.

“ನಾ ಇನ್ನೂ ಓದಿಲ್ಲ ಅಕ್ಕಾರ. ನಿಮಗ ಖರೇ ಸಾಲು ಗೊತ್ತಿದ್ರ ಅದನ್ನ ಬರೀರಿ,” ಎಂದ ಮೆಹರುನ್ನಿಸಾ, ಹೊಸ ಅಕ್ಷರದ ಮೇಲೆ ಕಣ್ಣು ಬೀಳದಂತೆ ಆಚೆ ತಿರುಗಿ ಕೂತರು.

ದಾನಮ್ಮ ಸರಸರನೆ ಬರೆದಳು. ಕೊನೆಯ ಸಾಲಿಗೆ ಬಂದಾಗ ಪೆನ್ನು ಬಹಳ ಹೊತ್ತು ನಿಂತಿತು. ಆಮೇಲೆ ಬರೆದು ಮುಗಿಸಿ, ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತು, ಹಸಿರು ಎಳೆಯ ಪಕ್ಕದಲ್ಲೇ ಹೊಲಿದಳು.

“ಪದ್ಯ ಯಾರದ್ರಿ?” ಮೆಹರುನ್ನಿಸಾ ಕೇಳಿದರು.

“ನಂದು,” ಎಂದಳು ದಾನಮ್ಮ, ತಲೆಯೆತ್ತಿ. “ಕಡೀ ಸಾಲು ಯಾರೋ ಓದಿದವರದು. ಅದ ಛಲೋ ಐತಿ, ಅದನ್ನ ಬರದೀನಿ.”