ಮಂಗಳವಾರದ ಮುಖಪುಟ

ವರದಿ ಅಚ್ಚಾಗಿ ಆರು ದಿನ ಕಳೆದರೂ ಯಾರೂ ಚಕಾರವೆತ್ತಲಿಲ್ಲ.

ಮಂಡಿಕಲ್‌ನ ಮನೆಯಲ್ಲಿ ಚೈತ್ರ ಫೋನ್ ಹಿಡಿದು ಕಾದಳು. ಪ್ರತಿಭಟನೆ ಇಲ್ಲ, ಬೆದರಿಕೆ ಇಲ್ಲ. ಒಂದು ಊರಿನ ಕುಡಿಯುವ ನೀರಿಗೆ ರೇಷ್ಮೆಗೂಡು ಬೇಯಿಸಿದ ಕೊಳಕು ನೀರು ಸೇರುತ್ತಿದೆ ಎಂದು ಮುಖಪುಟದಲ್ಲಿ ಬರೆದರೆ, ಒಬ್ಬ ಅಧಿಕಾರಿಯಾದರೂ ‘ಪರಿಶೀಲಿಸುತ್ತೇವೆ’ ಎಂದು ಸುಳ್ಳು ಹೇಳಬೇಕಿತ್ತು. ಅದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ.

ಆ ವರದಿ ಅವಳ ಮೂರನೇ ಇಂಟರ್ನ್‌ಶಿಪ್ಪಿನ ಫಲ. ಮೊದಲನೆಯದು ಬೆಂಗಳೂರಿನ ದೊಡ್ಡ ಪತ್ರಿಕೆಯಲ್ಲಿ. ಎರಡು ತಿಂಗಳು ಚಿನ್ನದ ದರ ಮತ್ತು ಹವಾಮಾನ ಟೈಪ್ ಮಾಡಿದಳು. ಎರಡನೆಯದು ಒಂದು ವೆಬ್‌ಸೈಟಿನಲ್ಲಿ. ನಟಿಯರು ಉಟ್ಟ ಸೀರೆಗಳ ಬಗ್ಗೆ ದಿನಕ್ಕೆ ಹನ್ನೆರಡು ಸುದ್ದಿ. ಎರಡೂ ಕಡೆ ಪ್ರಮಾಣಪತ್ರ ಕೊಟ್ಟರು. ಒಂದರಲ್ಲಿ ಅವಳ ಹೆಸರು ಚಿತ್ರಾ ಎಂದಿತ್ತು. ಕೆಲಸ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: ನಿಮ್ಮ ಹೆಸರಿನಲ್ಲಿ ಅಚ್ಚಾದ ವರದಿ ಎಲ್ಲಿ?

ಹಾಗಾಗಿ ಅವಳು ಚಿಕ್ಕಬಳ್ಳಾಪುರದ ‘ಗಿರಿಸೀಮೆ’ ದಿನಪತ್ರಿಕೆಗೆ ಬಂದಳು. ಅದರ ಮಾಲೀಕ, ಸಂಪಾದಕ, ಜಾಹೀರಾತು ವಿಭಾಗ ಎಲ್ಲವೂ ರಮೇಶ್‌ಬಾಬು ಒಬ್ಬರೇ. ಅವರ ಕಾರಿನ ಹಿಂದೆ ಮುಂದೆ ‘ಪ್ರೆಸ್’ ಎಂದು ಬರೆದಿತ್ತು. ಅವರ ಪತ್ರಿಕೆಯ ಯಾವ ಅಕ್ಷರವೂ ಅಷ್ಟು ದಪ್ಪವಾಗಿ ಅಚ್ಚಾಗುತ್ತಿರಲಿಲ್ಲ. ಆ ನಾಲ್ಕು ಪುಟಗಳಲ್ಲಿ ಹುಟ್ಟುಹಬ್ಬದವರಿಗೆ, ಸನ್ಮಾನಿತರಿಗೆ ಮತ್ತು ಸತ್ತವರಿಗೆ ಮಾತ್ರ ಜಾಗ. ಮೊದಲ ತಿಂಗಳು ಚೈತ್ರ ಬರೆದದ್ದರಲ್ಲಿ ‘ಜನಾನುರಾಗಿ’ ಎಂಬ ಪದವೇ ಹೆಚ್ಚಿತ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ನರಸಿಂಹಪ್ಪನ ಮುಂದೆ ಅವಳು ಸಂಪಾದಕರನ್ನು ಅಣಕಿಸಿ ನಗುತ್ತಿದ್ದಳು.

ಒಮ್ಮೆ ಶಿಡ್ಲಘಟ್ಟದಾಚೆಯ ಬೇವಿನಕುಂಟೆಯಲ್ಲಿ ಶಾಲಾ ಬ್ಯಾಗ್ ವಿತರಣೆ. ದಾನಿ ಗಂಗಾಧರ್, ಊರ ಅಂಚಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆಯ ಒಡೆಯ. ಭಾಷಣ ನಡೆಯುತ್ತಿದ್ದಾಗ ಮಂಗಮ್ಮ ಎಂಬ ಹೆಂಗಸು ಚೈತ್ರಳನ್ನು ಪಕ್ಕಕ್ಕೆ ಕರೆದು ಒಂದು ಲೋಟ ನೀರು ಕೊಟ್ಟಳು. ಬಾಯಿಯ ಹತ್ತಿರ ತಂದಾಗಲೇ ಸತ್ತ ಹುಳುವಿನ ನಾತ ಬಂತು.

“ಕುಡೀಬೇಡಮ್ಮ, ಮೂಸಿ ನೋಡು ಸಾಕು. ನಾವು ಕುಡೀತಾ ಇರೋದು ಇದೇನೆ” ಎಂದಳು ಮಂಗಮ್ಮ.

ಚೈತ್ರ ಐದು ಸಲ ಬಸ್ಸು ಹತ್ತಿ ಆ ಊರಿಗೆ ಹೋದಳು. ಬೆಳಗಿನ ಜಾವ ಕಾರ್ಖಾನೆಯ ಪೈಪು ಕಾಲುವೆಗೆ ಬಾಯಿ ಬಿಡುವುದನ್ನು ಫೋಟೊ ತೆಗೆದಳು. ಗೆಳತಿಯೊಬ್ಬಳ ಕಾಲೇಜಿನ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿದಳು. ಮಂಗಮ್ಮ ಮನೆಮನೆಗೂ ಕರೆದೊಯ್ದು ಜನರ ಮೈಮೇಲಿನ ಕಜ್ಜಿ ತೋರಿಸಿದಳು, ಹೆದರಿದವರಿಗೆ ಧೈರ್ಯ ಹೇಳಿ ಮಾತಾಡಿಸಿದಳು.

ರಮೇಶ್‌ಬಾಬು ವರದಿಯನ್ನು ಹರಿದು ಬಿಸಾಡುತ್ತಾರೆ ಎಂದುಕೊಂಡೇ ಚೈತ್ರ ಅದನ್ನು ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದರು.

“ಚೆನ್ನಾಗೈತೆ ಕಣಮ್ಮ. ಇನ್ನೊಂಚೂರು ಖಾರ ಹಾಕು. ಗಂಗಾಧರ್ ಫೋಟೊ ದೊಡ್ಡದಾಗಿರ್ಲಿ.”

ಜನ ಓದುತ್ತಾರಾ ಎಂದು ಅವಳು ಕೇಳಿದಳು.

“ಓದ್ಬೇಕಾದವ್ರು ಓದ್ತಾರೆ” ಎಂದರು ಅವರು.

ಮಂಗಳವಾರ ಬೆಳಿಗ್ಗೆ ಪತ್ರಿಕೆಯ ಪ್ರತಿಯನ್ನೂ ಪ್ರಮಾಣಪತ್ರವನ್ನೂ ಅವರೇ ಅವಳ ಕೈಗಿತ್ತು, ಇಂಟರ್ನ್‌ಶಿಪ್ ಮುಗಿಯಿತು, ಇನ್ನು ಆಫೀಸಿಗೆ ಬರಬೇಕಿಲ್ಲ ಎಂದರು. ಮುಖಪುಟ ಪೂರ್ತಿ ಅವಳ ವರದಿ, ಕೆಳಗೆ ಅವಳ ಹೆಸರು, ತಪ್ಪಿಲ್ಲದೆ. ಅದನ್ನು ವಾಟ್ಸಾಪಿನಲ್ಲಿ ಹಾಕಬೇಡ, ಕೇಸು ಬಿದ್ದರೆ ನಿನ್ನ ಮೇಲೂ ಬೀಳುತ್ತದೆ, ಕೆಲಸದ ಅರ್ಜಿಗೆ ಮಾತ್ರ ಬಳಸಿಕೋ ಎಂದು ಬುದ್ಧಿ ಹೇಳಿದರು. ಇಂಥ ಮನುಷ್ಯನನ್ನು ಅಣಕಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಈಗ ಅವಳ ತಿರಸ್ಕಾರವೆಲ್ಲ ಬೇವಿನಕುಂಟೆಯವರ ಕಡೆ ತಿರುಗಿತು. ಒಂದು ಫೋನ್ ಇಲ್ಲ, ಥ್ಯಾಂಕ್ಸ್ ಇಲ್ಲ. ಬ್ಯಾಗು ಕೊಟ್ಟವನಿಗೆ ಕೈಮುಗಿಯುವ ಜನ, ವಿಷ ಕೊಟ್ಟರೂ ಕುಡಿದುಕೊಂಡಿರಲಿ ಎನಿಸಿತು.

ಸೋಮವಾರ, ಆ ಮುಖಪುಟ ಲಗತ್ತಿಸಿ ಅವಳು ಅರ್ಜಿ ಹಾಕಿದ್ದ ಬೆಂಗಳೂರಿನ ರಾಜ್ಯಮಟ್ಟದ ಪತ್ರಿಕೆಯೊಂದರಿಂದ ಕರೆ ಬಂತು. ವರದಿಯ ಧೈರ್ಯವನ್ನು ಹೊಗಳಿ, ಒಂದನೇ ತಾರೀಖಿನಿಂದ ಟ್ರೈನಿ ವರದಿಗಾರ್ತಿಯಾಗಿ ಬನ್ನಿ ಎಂದರು. ಚೈತ್ರ ಅಪ್ಪನ ಕಾಲಿಗೆ ಬಿದ್ದು, ಶಿಡ್ಲಘಟ್ಟದ ಬಸ್ಸು ಹತ್ತಿದಳು. ಬೆಂಗಳೂರಿಗೆ ಹೋಗುವ ಮುಂಚೆ ಬೇವಿನಕುಂಟೆಯವರಿಗೆ ನಾಲ್ಕು ಮಾತು ಹೇಳಲೇಬೇಕಿತ್ತು.

ಆದರೆ ಮೊದಲು ಬಾಯಿ ತೆರೆದದ್ದು ಮಂಗಮ್ಮ. “ಯಾವತ್ತು ಹಾಕ್ತೀಯಮ್ಮ?”

ಚೈತ್ರಳ ಸಿಟ್ಟು ನೆತ್ತಿಗೇರಿತು. ಹಾಕಿ ವಾರವಾಯಿತು, ಒಂದು ಪೇಪರ್ ತರಿಸಿ ನೋಡುವಷ್ಟು ಕಾಳಜಿಯೂ ನಿಮಗಿಲ್ಲವಲ್ಲ ಎಂದಳು.

ಮಂಗಮ್ಮ ಒಳಹೋಗಿ ಪತ್ರಿಕೆಗಳ ಕಟ್ಟೊಂದನ್ನು ತಂದಿಟ್ಟಳು. ದಿನವೂ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಿಂದ ‘ಗಿರಿಸೀಮೆ’ ತರಿಸಿ, ಪಕ್ಕದ ಮನೆಯ ಟೈಲರ್ ಕೈಲಿ ಒಂದಕ್ಷರ ಬಿಡದಂತೆ ಓದಿಸಿದ್ದಳಂತೆ.

“ನಂಗೆ ಓದಕ್ ಬರಲ್ಲ. ಆದ್ರೆ ಎಲ್ಲಾ ಕೇಳಿದೀನಿ. ನಮ್ಮೂರ ಹೆಸ್ರೇ ಇಲ್ವಲ್ಲಮ್ಮ.”

ಚೈತ್ರ ಕಟ್ಟಿನಿಂದ ಮಂಗಳವಾರದ ಪತ್ರಿಕೆಯನ್ನು ಎಳೆದಳು. ಅದೇ ತಾರೀಖು, ಅದೇ ಸಂಚಿಕೆ. ಮುಖಪುಟದ ತುಂಬ ಜಾಹೀರಾತು: ಕೈಮುಗಿದು ನಗುತ್ತಿದ್ದ ಗಂಗಾಧರ್. ‘ಪರಿಸರಪ್ರೇಮಿಗೆ ಹುಟ್ಟುಹಬ್ಬದ ಶುಭಾಶಯಗಳು.’

ಅವಳು ಅಚ್ಚುಯಂತ್ರ ನಡೆಸುವ ಕೋನಪ್ಪನಿಗೆ ಫೋನ್ ಮಾಡಿ, ತನ್ನ ವರದಿಯ ಮುಖಪುಟ ಎಷ್ಟು ಪ್ರತಿ ಅಚ್ಚಾಯಿತು ಎಂದು ಕೇಳಿದಳು.

“ಅದಾ? ಎರಡೇ ಕಾಪಿ ತೆಗ್ದು ಆ ಪುಟದ ಅಚ್ಚಿನ ಪ್ಲೇಟ್ ಬದಲಾಯಿಸಿದ್ವಿ ಕಣಮ್ಮ” ಎಂದ ಕೋನಪ್ಪ. “ಒಂದು ನಿಮ್ಗೆ, ಇನ್ನೊಂದು ಗಂಗಾಧರ್ ಸಾರ್‌ಗೆ ತೋರ್ಸಕ್ಕೆ ಅಂದ್ರು ರಮೇಶ್‌ಬಾಬು ಸಾರ್.”