ಎರಡನೆಯವರ ಗಾಳಿ

ಕೊಳವೆಯ ಗಾಳಿಯನ್ನೇ ಉಸಿರಾಡುವ ಆ ಪುಟ್ಟ ಊರಿನಲ್ಲಿ, ನಾಳೆ ಮನೆಗೆ ಎಷ್ಟು ಜನರ ಗಾಳಿ ಬೇಕೆಂದು ಇಂದೇ ಬರೆಸಬೇಕು. ಒಂದು ಮನೆ ಹೆಚ್ಚು ಎಳೆದರೆ ಬೀದಿಯ ಕೊನೆಯ ಮನೆಗೆ ಉಬ್ಬಸ.

ವಾಸುರಾಯರು ತೀರಿಕೊಂಡ ಮೇಲೆ ಅವರ ಹೆಂಡತಿ ತುಂಗಕ್ಕ ‘ಒಬ್ಬರು’ ಎಂದು ಬರೆಸಿದ್ದರು. ಮೀಟರು ಮಾತ್ರ ಇಬ್ಬರೆನ್ನುತ್ತಿತ್ತು. ಗಾಳಿ ಹೊಂದಿಸುವ ಶೇಷಪ್ಪನಿಗೆ ಅನುಮಾನ ಬಂತು.

“ಯಾರನ್ನ ಬಚ್ಚಿಟ್ಟಿದ್ದೀರಕ್ಕಾ? ಸಿಕ್ಕಿದ್ರೆ ನಿಮ್ಮ ಕೊಳವೆ ಮುಚ್ಚಬೇಕಾಗುತ್ತೆ.”

“ಮಂಚದ ಕೆಳಗೂ ಬಗ್ಗಿ ನೋಡಪ್ಪ. ಸೊಂಟ ಹಿಡ್ಕೊಂಡ್ರೆ ಎಬ್ಬಿಸೋಕೆ ನಾನಿಲ್ಲ.”

ಶೇಷಪ್ಪ ಕಪಾಟು, ಅಟ್ಟ ಎಲ್ಲ ತಡಕಿದ. ಒಳಕೋಣೆಯಲ್ಲಿ, ರಾಯರು ಪ್ರಾಣ ಬಿಟ್ಟ ಜಾಗದಲ್ಲಿ, ಎಣ್ಣೆದೀಪವೊಂದು ಗಾಳಿ ಕುಡಿಯುತ್ತ ಉರಿಯುತ್ತಿತ್ತು.

ತುಂಗಕ್ಕ ಅಡ್ಡ ನಿಂತರು. “ಹತ್ತು ದಿನ ನಂದಬಾರದು. ನಿಮ್ಮ ಪಟ್ಟೀಲಿ ದೀಪಕ್ಕೆ ಜಾಗ ಎಲ್ಲಿದೆ?”

ಶೇಷಪ್ಪ ನಾಳೆಯ ಪಟ್ಟಿ ತೆರೆದು ‘ಇಬ್ಬರು’ ಎಂದು ಬರೆದ.

“ಎರಡನೆಯವರ ಹೆಸರು ಕೇಳ್ತಾರಕ್ಕಾ. ರಾಯರದ್ದೇ ಇರ್ಲಿ.”